ಓದುಗರ ಪ್ರಶ್ನೆ: ನಾವು ಮನೆಯಲ್ಲಿ ಆಡಿದ ಮಾತು ಫೋನಿಗೆ ತಿಳಿಯುವುದು ಹೇಗೆ?

ಪ್ರತಿ ಸಂಜೆ ಆ ದಿನದ ಸ್ವಾರಸ್ಯಕರ ಸುದ್ದಿ, ತಂತ್ರಜ್ಞಾನದ ಹೊಸ ಸಂಗತಿ, ಸಿನಿಮಾ ಮತ್ತು ಹಾಡುಗಳ ವಿಚಾರಗಳನ್ನು ಆಯ್ದು ಕೊಡುವ ನನಗೆ ಎಲ್ಲಕ್ಕಿಂತ ಹೆಚ್ಚು ಸಲ ಬಂದಿರುವ ಪ್ರಶ್ನೆ ಆ ಸುದ್ದಿಗಳಿಗೆ ಸಂಬಂಧಿಸಿದ್ದಲ್ಲ. ಈ ವಾರ ಕೊಡಗಿನ ನಾಪೋಕ್ಲು ಕಡೆಯ ಓದುಗರೊಬ್ಬರು ಅದನ್ನೇ ಮತ್ತೆ ಕೇಳಿದ್ದಾರೆ: "ತೋಟದಲ್ಲಿ ಕಾಡು ಕಡಿಯಲು ಆಳು ಸಿಗುತ್ತಿಲ್ಲ, ಮಷೀನು ತರೋಣವೆಂದು ಊಟಕ್ಕೆ ಕುಳಿತಾಗ ಮಾತಾಡಿಕೊಂಡೆವು. ರಾತ್ರಿ ಸುದ್ದಿ ನೋಡಲು ಫೋನು ತೆರೆದರೆ ಮೊದಲು ಬಂದದ್ದೇ ಕಳೆ ಕತ್ತರಿಸುವ ವೀಡ್ ಕಟ್ಟರ್ ಮಷೀನಿನ ಜಾಹೀರಾತು. ಫೋನು ನಮ್ಮ ಮಾತನ್ನು ಕದ್ದು ಕೇಳುತ್ತದೆಯಲ್ಲವೇ ಸಾರ್?"

ಇಲ್ಲ. ಹೀಗೆಂದು ನಾನು ಬರೆದೂ ಹೇಳಿದ್ದೇನೆ, ಮದುವೆ ಮನೆಗಳಲ್ಲಿ ನಿಂತೂ ಹೇಳಿದ್ದೇನೆ. ಕೇಳಿದವರು ತಲೆಯಾಡಿಸುತ್ತಾರೆ, ಮರುವಾರ ಅದೇ ಕಥೆಯನ್ನು ಇನ್ನೊಬ್ಬರಿಗೆ ಹೇಳುತ್ತಾರೆ. ಆದ್ದರಿಂದ ಈ ಸಲ ಎಳೆ ಎಳೆಯಾಗಿ ಬಿಡಿಸಿ ಬರೆಯುತ್ತೇನೆ. ದಯವಿಟ್ಟು ಕೊನೆಯವರೆಗೆ ಓದಿ.

ಮೊದಲು ಲೆಕ್ಕ. ಮಾತನ್ನು ಅರ್ಥವಾಗುವ ಮಟ್ಟಿಗೆ ಒತ್ತಿ ಚಿಕ್ಕದು ಮಾಡಿದರೂ ಸೆಕೆಂಡಿಗೆ ಸುಮಾರು 24 ಕಿಲೋಬಿಟ್, ಅಂದರೆ 3 ಕಿಲೋಬೈಟ್ ಬೇಕೆಂದು ಇಟ್ಟುಕೊಳ್ಳಿ. ಗಂಟೆಗೆ ಹತ್ತಿರ ಹತ್ತಿರ 11 ಎಂಬಿ ಆಯಿತು. ದಿನಕ್ಕೆ 12 ಗಂಟೆ ಕೇಳಿಸಿಕೊಂಡರೆ 130 ಎಂಬಿ, ತಿಂಗಳಿಗೆ ಸುಮಾರು 4 ಜಿಬಿ. ಇದೆಲ್ಲವೂ ನಮ್ಮ ಫೋನಿನಿಂದ ಹೊರಗೆ ಹೋಗಬೇಕು. ಜುಲೈ ತಿಂಗಳಲ್ಲಿ ಕರೆಂಟ್ ಹೋಗಿ, ಟವರಿನ ಬ್ಯಾಟರಿಯೂ ಮುಗಿದು, ಒಂದು ಫೋಟೋ ಕಳಿಸಲು ತೋಟದ ಎತ್ತರದ ಜಾಗ ಹುಡುಕಿ ನಿಲ್ಲುವ ನಾವು ಈ ಮಾತನ್ನು ನಂಬುವುದು ಹೇಗೆಂದು ನನಗೆ ಅರ್ಥವಾಗುವುದಿಲ್ಲ. ಯಾವ ಆ್ಯಪ್ ಎಷ್ಟು ಡೇಟಾ ಬಳಸಿತೆಂಬುದು ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತದೆ; ತೆರೆದು ನೋಡಿ.

ಮಾತನ್ನು ಹೊರಗೆ ಕಳಿಸದೆ ಫೋನಿನೊಳಗೇ ಬರಹಕ್ಕಿಳಿಸಬಹುದಲ್ಲ ಎಂದು ಚುರುಕಾದ ಓದುಗರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ದಿನವಿಡೀ ಆ ಕೆಲಸ ನಡೆದರೆ ಬ್ಯಾಟರಿ ಬೇಗನೆ ಇಳಿಯುತ್ತದೆ, ಫೋನು ಬಿಸಿಯಾಗುತ್ತದೆ. ಅದಕ್ಕಿಂತ ದೊಡ್ಡ ವಿಷಯ ಭಾಷೆಯದು. ಈ ಓದುಗರ ಮನೆಮಾತು ಕೊಡವ ತಕ್ಕ್. ಗೂಗಲ್ 2024ರ ಜೂನ್‌ನಲ್ಲಿ ತನ್ನ ಅನುವಾದ ಸೇವೆಗೆ 110 ಹೊಸ ಭಾಷೆಗಳನ್ನು ಸೇರಿಸಿದಾಗ ನೆರೆಯ ತುಳುವಿಗೆ ಜಾಗ ಸಿಕ್ಕಿತು, ಕೊಡವ ತಕ್ಕ್‌ಗೆ ಸಿಗಲಿಲ್ಲ. ಟೈಪ್ ಮಾಡಿದ ಬರಹಕ್ಕೇ ಇಲ್ಲದ ಸೌಲಭ್ಯ, ಊಟದ ಹೊತ್ತಿನಲ್ಲಿ ನಾಲ್ವರು ಒಟ್ಟಿಗೆ ಆಡುವ, ನಡುವೆ ಕನ್ನಡವೂ ಇಂಗ್ಲಿಷೂ ಬೆರೆಯುವ ಮಾತಿಗೆ ಗುಟ್ಟಾಗಿ ಇರಲು ಸಾಧ್ಯವಿಲ್ಲ. ಅಂಥ ಯಂತ್ರವಿದ್ದಿದ್ದರೆ ನಮ್ಮ ಅಜ್ಜಿಯರ ಬಾಯಲ್ಲಿ ಮಾತ್ರ ಉಳಿದಿರುವ ಹಾಡು, ಗಾದೆಗಳನ್ನು ಬರೆದಿಡಲು ನಾನೇ ಮೊದಲು ಅದನ್ನು ಕೇಳಿ ಪಡೆಯುತ್ತಿದ್ದೆ.

ಪರೀಕ್ಷೆಯೂ ನಡೆದಿದೆ. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 17,260 ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರಿಶೀಲಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಳಕೆದಾರರಿಗೆ ತಿಳಿಯದಂತೆ ಮೈಕ್ ತೆರೆದು ಧ್ವನಿ ಕಳಿಸುವ ಒಂದು ಆ್ಯಪ್ ಕೂಡ ಅವರಿಗೆ ಸಿಗಲಿಲ್ಲ. ಆದರೆ ಕೆಲವು ಆ್ಯಪ್‌ಗಳು ಪರದೆಯ ಮೇಲೆ ನಾವು ಮಾಡುವುದನ್ನು ಚಿತ್ರವಾಗಿಯೋ ವಿಡಿಯೋವಾಗಿಯೋ ಹಿಡಿದು ಬೇರೆ ಕಂಪನಿಗಳಿಗೆ ಕಳಿಸುತ್ತಿದ್ದುದು ಕಂಡುಬಂತು. ಆತಂಕಪಡಬೇಕಾದ ವಿಷಯ ಇದು. ಮೈಕಿನ ಕಥೆಯ ಗದ್ದಲದಲ್ಲಿ ಇದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ ಎಂಬುದೇ ನನ್ನ ಬೇಸರ.

ಹಾಗಾದರೆ ಆ್ಯಪಲ್‌ನ ಧ್ವನಿ ಸಹಾಯಕ ಸಿರಿಯನ್ನು "ಹೇ ಸಿರಿ" ಎಂದು ಕರೆದೊಡನೆ ಐಫೋನು ಓಗೊಡುವುದು ಹೇಗೆ? ಆ ಎರಡು ಪದಗಳ ಧ್ವನಿಯ ಜಾಡನ್ನಷ್ಟೇ ಗುರುತಿಸುವ, ತೀರ ಕಡಿಮೆ ವಿದ್ಯುತ್ ಬಳಸುವ ಭಾಗವೊಂದು ಫೋನಿನೊಳಗೆ ಎಚ್ಚರವಿರುತ್ತದೆ. ಕೆಲವೇ ಕ್ಷಣಗಳ ಧ್ವನಿಯನ್ನು ಇಟ್ಟುಕೊಂಡು, ಅದರ ಮೇಲೆಯೇ ಮುಂದಿನದನ್ನು ಬರೆಯುತ್ತ ಹೋಗುತ್ತದೆ. ಇಲ್ಲಿ ತಪ್ಪುಗಳಾಗಿವೆ, ಅದನ್ನು ಮುಚ್ಚಿಡುವುದಿಲ್ಲ. ಬೇರೆ ಸದ್ದನ್ನು ತನ್ನ ಹೆಸರೆಂದು ತಿಳಿದು ಸಿರಿ ಎಚ್ಚೆತ್ತಾಗ ದಾಖಲಾದ ಮಾತುಗಳು ಗುಣಮಟ್ಟ ಪರೀಕ್ಷಿಸುವ ಗುತ್ತಿಗೆ ನೌಕರರ ಕಿವಿಗೂ ಬೀಳುತ್ತಿದ್ದವೆಂದು 2019ರಲ್ಲಿ ಬಯಲಾಯಿತು. ಆ್ಯಪಲ್ ಕ್ಷಮೆ ಕೇಳಿತು. ಈ ಕುರಿತ ಮೊಕದ್ದಮೆಯಲ್ಲಿ ತಪ್ಪನ್ನು ಒಪ್ಪಿಕೊಳ್ಳದೆಯೇ 9.5 ಕೋಟಿ ಡಾಲರ್ ಕೊಟ್ಟು ರಾಜಿಯಾಗಲು ಸಿದ್ಧವಾದದ್ದು 2025ರ ಜನವರಿಯ ಸುದ್ದಿ. ಸದ್ದನ್ನು ತಪ್ಪಾಗಿ ಕೇಳಿ ಎಚ್ಚರಗೊಳ್ಳುವುದೇ ಬೇರೆ, ಜಾಹೀರಾತಿಗಾಗಿ ಎಲ್ಲರ ಮಾತನ್ನು ಸದಾ ಆಲಿಸುವುದೇ ಬೇರೆ. ಮೈಕ್ ಬಳಕೆಯಲ್ಲಿರುವಾಗ ಐಫೋನಿನಲ್ಲಿ 2020ರಿಂದ ಕಿತ್ತಳೆ ಚುಕ್ಕಿ, ಆಂಡ್ರಾಯ್ಡ್‌ನಲ್ಲಿ 2021ರ 12ನೇ ಆವೃತ್ತಿಯಿಂದ ಹಸಿರು ಗುರುತು ಪರದೆಯ ಮೇಲ್ಭಾಗದಲ್ಲಿ ಕಾಣುತ್ತದೆ.

ಇನ್ನು ವೀಡ್ ಕಟ್ಟರ್ ಬಂದ ದಾರಿ. ನಾನು ಈ ಓದುಗರಿಗೆ ಫೋನು ಮಾಡಿ ವಿಚಾರಿಸಿದೆ. ಹಿಂದಿನ ದಿನ ಅವರ ಮಗ ಮನೆಯ ವೈಫೈಯಲ್ಲೇ ಆ ಮಷೀನಿನ ಬೆಲೆ ಹುಡುಕಿದ್ದ. ಮನೆಯ ಫೋನುಗಳೆಲ್ಲ ಒಂದೇ ಸಂಪರ್ಕದಿಂದ ಹೊರಹೋಗುವುದರಿಂದ ಅವು ಒಂದೇ ಮನೆಯವೆಂದು ಜಾಹೀರಾತು ಕಂಪನಿಗಳು ಊಹಿಸಬಲ್ಲವು. ಜೊತೆಗೆ ಸ್ಥಳದ ಮಾಹಿತಿ ಇದೆ. ಮಳೆ ಬಿಟ್ಟು, ಅರೇಬಿಕಾ ಕೊಯ್ಲಿಗೆ ಮುಂಚೆ ಕಾಡು ಕಡಿಸುವ ಈ ದಿನಗಳಲ್ಲಿ ಕೊಡಗಿನ ಬೆಳೆಗಾರರಿಗೆ ವೀಡ್ ಕಟ್ಟರ್ ತೋರಿಸಲು ಯಾರೂ ಕದ್ದು ಕೇಳಬೇಕಾಗಿಲ್ಲ. ಅಂಗಡಿಯಲ್ಲಿ ಬಿಲ್ಲಿಗೆಂದು ಕೊಟ್ಟ ಮೊಬೈಲ್ ನಂಬರನ್ನೂ ಜಾಹೀರಾತಿನ ಪಟ್ಟಿಗೆ ಹೊಂದಿಸುವ ವ್ಯವಸ್ಥೆ ಫೇಸ್‌ಬುಕ್‌ನಲ್ಲಿ ಇದೆ. ಅದೇ ರಾತ್ರಿ ಇವರು ದಾಟಿಹೋದ ಸಾಲ, ಸೀರೆ, ಆಟಗಳ ಜಾಹೀರಾತುಗಳು ನೆನಪಿನಲ್ಲಿ ಉಳಿದಿಲ್ಲ. ಮಾತಿಗೆ ಹೊಂದಿದ ಒಂದು ಮಾತ್ರ ಉಳಿಯಿತು.

ಇಷ್ಟು ಬರೆದ ಮೇಲೆ, ಯಾರೂ ಕೇಳದಿದ್ದರೂ ಇನ್ನೊಂದನ್ನು ಹೇಳಲೇಬೇಕು. ನಾನು ಸಂಜೆ ಕೊಡುವ ಸುದ್ದಿಗಳು ನಿಮ್ಮ ಫೋನಿನಲ್ಲಿ ತಾವಾಗಿಯೇ ಏಕೆ ಬರುವುದಿಲ್ಲ? ಅಲ್ಲೂ ಕೆಲಸ ಮಾಡುವುದು ನಿಮ್ಮ ಬೆರಳೇ. ಯೂಟ್ಯೂಬ್ 2012ರಲ್ಲಿ ಎಷ್ಟು ಜನ ಒತ್ತಿದರು ಎಂಬುದನ್ನು ಬಿಟ್ಟು ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ ಹೆಚ್ಚು ಬೆಲೆ ಕೊಡತೊಡಗಿತು. ಒಂದು ಸಿನಿಮಾ ಹಾಡಿನ ತುಣುಕನ್ನು ನೀವು ನಾಲ್ಕು ಸಲ ಪೂರ್ತಿ ನೋಡಿ, ಕೊಡವ ಕೌಟುಂಬಿಕ ಹಾಕಿಯ ವರದಿಯನ್ನು ಐದು ಸೆಕೆಂಡಿಗೆ ಸರಿಸಿದರೆ, ನಾಳೆ ಅಂಥ ಹಾಡುಗಳೇ ಬರುತ್ತವೆ. ಹಾಕಿ ಬೇಕಿದ್ದರೆ ಹುಡುಕುವ ಜಾಗದಲ್ಲಿ "ಕೊಡವ ಹಾಕಿ" ಎಂದು ಕನ್ನಡದಲ್ಲೇ ಬರೆದು ಹುಡುಕಿ, ವರದಿಯನ್ನು ಕೊನೆಯವರೆಗೆ ನೋಡಿ. ಒಂದು ವಾರ ಹೀಗೆ ಮಾಡಿ, ನಿಮ್ಮ ಫೋನಿನಲ್ಲಿ ಏನು ಬದಲಾಯಿತೆಂದು ನನಗೆ ಬರೆಯಿರಿ.