ಸಂಗೀತ ಬೆಳೆಯುವುದು ಕಿವಿಯಲ್ಲೋ, ಮನಸ್ಸಿನಲ್ಲೋ?

ಬೇತೋವನ್‌ನ ಐದನೇ ಸಿಂಫನಿ, ಅಂದರೆ ವಾದ್ಯವೃಂದಕ್ಕೆ ಬರೆದ ದೊಡ್ಡ ಕೃತಿ, ಶುರುವಾಗುವುದು ನಾಲ್ಕೇ ಸ್ವರಗಳಿಂದ. ಮೂರು ಗಿಡ್ಡ, ಒಂದು ಉದ್ದ. ಆಮೇಲೆ ಅದೇ ನಾಲ್ಕು ಸ್ವರ ಮೇಲೇರುತ್ತದೆ, ಕೆಳಗಿಳಿಯುತ್ತದೆ, ವಾದ್ಯದಿಂದ ವಾದ್ಯಕ್ಕೆ ದಾಟುತ್ತದೆ. ಕೇಳುತ್ತಾ ಕೂತವರಿಗೆ ಏನೋ ಬೆಳೆಯುತ್ತಿದೆ ಅನ್ನಿಸುತ್ತದೆ. ಹಾಗನ್ನಿಸುವುದು ಕಿವಿಗೋ, ಮನಸ್ಸಿಗೋ? ಈ ಚರ್ಚೆ ತುಂಬಾ ಹಳೆಯದು.

1854ರಲ್ಲಿ ವಿಯೆನ್ನಾದ ವಿಮರ್ಶಕ ಎಡ್ವರ್ಡ್ ಹ್ಯಾನ್ಸ್‌ಲಿಕ್ ಮನಸ್ಸಿನ ಪರ ನಿಂತರು. ನಾದದಲ್ಲಿ ಸುಮ್ನೆ ತೇಲಿದರೆ ಸಾಲದು. ಮುಂದೇನು ಬರಬಹುದು ಎಂದು ಊಹಿಸುತ್ತಾ ಹೋಗಬೇಕು, ಊಹೆ ನಿಜವಾದರೂ ತಪ್ಪಿದರೂ ಅದರಲ್ಲೇ ಸುಖವಿದೆ ಎಂದರು. 1863ರಲ್ಲಿ ವಿಜ್ಞಾನಿ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಒಳಕಿವಿಯ ಕಡೆಯಿಂದ ಹೊರಟರು. ಅದರ ಬೇರೆ ಬೇರೆ ಭಾಗ ಬೇರೆ ಬೇರೆ ಕಂಪನಕ್ಕೆ ಮಿಡಿಯುತ್ತದೆ ಎಂಬುದು ಅವರ ವಿವರಣೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವುದು 1890ರಲ್ಲಿ ತತ್ವಜ್ಞಾನಿ ಕ್ರಿಸ್ಟಿಯನ್ ಫಾನ್ ಎಹ್ರೆನ್‌ಫೆಲ್ಸ್ ಎತ್ತಿದ ಮಾತು. ಒಂದು ಹಾಡನ್ನು ಬೇರೆ ಶ್ರುತಿಯಲ್ಲಿ ಹಾಡಿ. ಕಿವಿಗೆ ಬೀಳುವ ಪ್ರತಿ ಸ್ವರವೂ ಬದಲಾಗಿರಬಹುದು. ಆದರೂ ಅದೇ ಹಾಡು ಅಂತ ತಕ್ಷಣ ಗುರುತು ಸಿಗುತ್ತದೆ, ಅಲ್ವಾ? ಅಂದರೆ ನಾವು ಹಿಡಿದಿಟ್ಟುಕೊಳ್ಳುವುದು ಬಿಡಿ ಸ್ವರಗಳನ್ನಲ್ಲ, ಅವುಗಳ ನಡುವಿನ ನಂಟನ್ನು. ಆಗಲೇ ಮುಗಿದುಹೋದ ಸ್ವರ ನೆನಪಿನಲ್ಲಿ ಉಳಿಯದಿದ್ದರೆ ಈ ನಂಟೇ ಇರುವುದಿಲ್ಲ. ಬೆಳವಣಿಗೆ ಕೇಳಿಸುವುದೂ ಹೀಗೆಯೇ. ಈಗಿನದನ್ನು ಆಗಿನದರ ಜೊತೆ ಇಟ್ಟು ನೋಡುವ ಕೆಲಸ ನಮಗೆ ಗೊತ್ತಿಲ್ಲದೆಯೇ ನಡೆಯುತ್ತಿರುತ್ತದೆ.

ಆದರೆ ಈ ನೆನಪು ಎಷ್ಟು ದೂರ ಹೋಗುತ್ತದೆ? 1987ರಲ್ಲಿ ಸಂಗೀತ ವಿದ್ವಾಂಸ ನಿಕೋಲಸ್ ಕುಕ್ ಇದನ್ನು ಪರೀಕ್ಷಿಸಿದರು. ಕೆಲವು ಕೃತಿಗಳನ್ನು ತಿದ್ದಿ, ಶುರುವಾದ ಶ್ರುತಿಯಲ್ಲಿ ಮುಗಿಯದಂತೆ ಮಾಡಿ, ಸಂಗೀತ ವಿದ್ಯಾರ್ಥಿಗಳಿಗೆ ಕೇಳಿಸಿದರು. ಸುಮಾರು ಒಂದು ನಿಮಿಷ ದಾಟಿದ ತುಣುಕುಗಳಲ್ಲಿ ಈ ತಿದ್ದುಪಡಿ ಅವರ ಮೆಚ್ಚುಗೆಯ ಮೇಲೆ ಪರಿಣಾಮವನ್ನೇ ಬೀರಲಿಲ್ಲ. ಇದನ್ನು ಕೇಳುಗರ ಸೋಲು ಅನ್ನಬಾರದು. ಕೃತಿಯ ಇಡೀ ನಕ್ಷೆ ತಲೆಯಲ್ಲಿ ಇಲ್ಲದೆಯೂ ಕ್ಷಣದಿಂದ ಕ್ಷಣಕ್ಕೆ ಅದರ ಜೊತೆ ಸಾಗಬಹುದು. 1997ರಲ್ಲಿ ತತ್ವಜ್ಞಾನಿ ಜೆರಾಲ್ಡ್ ಲೆವಿನ್ಸನ್ ವಾದಿಸಿದ್ದೂ ಇದನ್ನೇ. ಫಾರ್ಮ್‌ಗಳ, ಅಂದರೆ ಕೃತಿ ಕಟ್ಟುವ ಮಾದರಿಗಳ, ಹೆಸರು ಗೊತ್ತಿಲ್ಲ ಎಂದು ಹಿಂಜರಿಯುವವರಿಗೆ ಈ ಮಾತು ತಲುಪಬೇಕು.

ಹ್ಯಾನ್ಸ್‌ಲಿಕ್ ಹೇಳಿದ ಊಹೆಯ ಸುಖವನ್ನು 1956ರಲ್ಲಿ ಸಂಗೀತ ವಿದ್ವಾಂಸ ಲೆನರ್ಡ್ ಮೇಯರ್ ಮತ್ತೆ ಎತ್ತಿಕೊಂಡರು. ನಿರೀಕ್ಷೆ ತಡವಾದಾಗ, ತಡೆದು ನಿಂತಾಗ ಭಾವ ಹುಟ್ಟುತ್ತದೆ ಎಂದರು. 2011ರಲ್ಲಿ ಮಾಂಟ್ರಿಯಲ್‌ನ ಸಂಶೋಧಕರು ಇದನ್ನು ಮೆದುಳಿನಲ್ಲೇ ಕಂಡರು. ರೋಮಾಂಚನದ ಹೊತ್ತಿನಲ್ಲಿ ಡೋಪಮಿನ್ ಎಂಬ, ಸುಖದ ಅನುಭವಕ್ಕೆ ಸಂಬಂಧಿಸಿದ ರಾಸಾಯನಿಕ ಮೆದುಳಿನ ಒಂದು ಭಾಗದಲ್ಲಿ ಬಿಡುಗಡೆಯಾಗುತ್ತಿತ್ತು. ಅದಕ್ಕೆ ಕೆಲವೇ ಸೆಕೆಂಡ್ ಮೊದಲು, ಕಾಯುವ ಹೊತ್ತಿನಲ್ಲಿ, ಇನ್ನೊಂದು ಭಾಗದಲ್ಲಿ. ಅಲ್ಲಿ ಕೇಳಿಸಿದ್ದು ಹೊಸ ಸಂಗೀತವಲ್ಲ. ಕೇಳುಗರೇ ಆರಿಸಿ ತಂದಿದ್ದ, ಅವರಿಗೆ ಚೆನ್ನಾಗಿ ಗೊತ್ತಿದ್ದ ಸಂಗೀತ.