ಕೊನೆ ಸ್ಟೇಷನ್ನಿನ ಹೊರಗೆ ಮೆಟ್ರೊ ಯಾಕೆ ನಿಲ್ಲುತ್ತದೆ

ನಾನು ಮೆಟ್ರೊ ಹಳಿಯ ಪಾಯಿಂಟ್‌ಗಳನ್ನು, ಅಂದರೆ ಟ್ರೈನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗುವ ಜಾಗಗಳನ್ನು, ನೋಡಿಕೊಳ್ಳುವವನು. ಮದುವೆಮನೆಗೆ ಹೋದರೂ ಜನ ಕೇಳುವುದು ಒಂದೇ ಪ್ರಶ್ನೆ: ಇಷ್ಟು ರಷ್ ಇದೆ, ನಿಮಿಷಕ್ಕೊಂದು ಟ್ರೈನು ಬಿಡೋಕೆ ಏನು ಕಷ್ಟ? ಟ್ರೈನು ಸಾಲದಿರುವುದೂ ಒಂದು ಕಾರಣ, ನಿಜ. ಆದರೆ ನಾಳೆ ಬೆಳಿಗ್ಗೆ ಬೇಕಾದಷ್ಟು ಟ್ರೈನು ತಂದು ನಿಲ್ಲಿಸಿದರೂ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತೇವೆ. ಅದು ಮಾರ್ಗದ ಕೊನೆ. ಟ್ರೈನು ಒಂದು ಹಳಿಯಿಂದ ಪಕ್ಕದ ಹಳಿಗೆ ದಾಟಿ ವಾಪಸ್ ಹೊರಡುವ ಜಾಗ.

ಟ್ರೈನಿಗೆ ಸ್ಟೀರಿಂಗ್ ಇಲ್ಲ ಅಲ್ವಾ. ಗಾಲಿಯ ಒಳಬದಿಯಲ್ಲಿ ಫ್ಲ್ಯಾಂಜ್ ಅಂತ ಒಂದು ಅಂಚು ಇರುತ್ತದೆ, ಹಳಿ ಎತ್ತ ಹೋದರೆ ಅದು ಅತ್ತ ಹೋಗುತ್ತದೆ. ದಾರಿ ಬದಲಿಸಬೇಕು ಅಂದರೆ ಹಳಿಯೇ ಕದಲಬೇಕು. ಅಲ್ಲಾಡದೆ ನಿಂತಿರುವ ಹಳಿ ಸ್ಟಾಕ್ ರೈಲ್. ಅದರ ಮೈಗೆ ಬಂದು ಅಂಟಿಕೊಳ್ಳುವ, ತುದಿಯನ್ನು ಚಾಕುವಿನ ಹಾಗೆ ತೆಳ್ಳಗೆ ಮಾಡಿದ ಹಳಿ ಟಂಗ್ ರೈಲ್. ಪಕ್ಕದಲ್ಲಿ ಕೂತಿರುವ ಪಾಯಿಂಟ್ ಮಷೀನು ಎರಡೂ ಟಂಗ್ ರೈಲ್‌ಗಳನ್ನು ಒಟ್ಟಿಗೆ ತಳ್ಳುತ್ತದೆ. ನಾಲ್ಕೈದು ಸೆಕೆಂಡಿನ ಕೆಲಸ ಅಷ್ಟೇ.

ಆದರೆ ತಳ್ಳುವುದು ಮಷೀನಿನ ಮೂರನೇ ಒಂದು ಭಾಗದ ಕೆಲಸ. ತಳ್ಳಿದ ಮೇಲೆ ಲಾಕ್ ಮಾಡಬೇಕು, ಆಮೇಲೆ ಟಂಗ್ ರೈಲ್ ನಿಜವಾಗಿಯೂ ಬಂದು ಕೂತಿದೆ ಅಂತ ಸಿಗ್ನಲ್ ವ್ಯವಸ್ಥೆಗೆ ಖಾತ್ರಿ ಕೊಡಬೇಕು. ಇದಕ್ಕೆ ಡಿಟೆಕ್ಷನ್ ಅಂತೀವಿ. ಡಿಟೆಕ್ಷನ್ ಬಾರದೆ ಹಸಿರು ಸಿಗ್ನಲ್ ಬೀಳುವುದಿಲ್ಲ, ಟ್ರೈನು ಕದಲುವುದಿಲ್ಲ. ಪರೀಕ್ಷೆ ಮಾಡುವ ರೀತಿ ಬಹಳ ಸರಳ. ರಾತ್ರಿ, ಟ್ರೈನಿಗೆ ವಿದ್ಯುತ್ ಕೊಡುವ ಹಳಿ ಪಕ್ಕದ ಕರೆಂಟ್ ರೈಲಿನ 750 ವೋಲ್ಟ್ ತೆಗೆಸಿ, ಹಳಿ ಪಕ್ಕ ಕುಕ್ಕರುಗಾಲಲ್ಲಿ ಕೂತು, ಟಂಗ್ ರೈಲಿನ ತುದಿಯಿಂದ 150 ಮಿಲಿಮೀಟರ್ ಒಳಗೆ, ಅದಕ್ಕೂ ಸ್ಟಾಕ್ ರೈಲಿಗೂ ನಡುವೆ, 5 ಮಿಲಿಮೀಟರ್ ದಪ್ಪದ ಉಕ್ಕಿನ ಪಟ್ಟಿ ಇಟ್ಟು ಮಷೀನು ಓಡಿಸುತ್ತೇವೆ. ಮೋಟಾರು ಗುಂಯ್ ಅಂತ ತಿರುಗುತ್ತಲೇ ಇರಬೇಕು, ಕ್ಲಚ್ ಜಾರಬೇಕು, ಲಾಕ್ ಆಗಲೇಬಾರದು. ಆ ಪಟ್ಟಿ ಇದ್ದೂ ಡಿಟೆಕ್ಷನ್ ಬಂದುಬಿಟ್ಟರೆ ಎದೆ ಧಸಕ್ ಅನ್ನುತ್ತದೆ. ಅಷ್ಟು ಸಂದು ಬಿಟ್ಟಿದ್ದರೆ ಫ್ಲ್ಯಾಂಜ್ ತಪ್ಪು ಕಡೆ ನುಗ್ಗಬಹುದು, ಮುಂದಿನ ಗಾಲಿ ಒಂದು ದಾರಿ, ಹಿಂದಿನದು ಇನ್ನೊಂದು ದಾರಿ ಹಿಡಿಯಬಹುದು.

ಹಿಂದೊಮ್ಮೆ ನಾನಿದ್ದ ಒಂದು ಡಿಪೋದಲ್ಲಿ ಬೆಳಗಿನ ಮೊದಲ ಟ್ರೈನುಗಳು ಹೊರಡುವ ಹೊತ್ತಿಗೇ ಒಂದು ಪಾಯಿಂಟ್ ಡಿಟೆಕ್ಷನ್ ಕೊಡಲಿಲ್ಲ. ಮಷೀನು ಬಿಚ್ಚಿ ನೋಡಿದೆವು, ವೈರಿಂಗ್ ನೋಡಿದೆವು, ಏನೂ ಇಲ್ಲ. ಕೊನೆಗೆ ಒಬ್ಬ ಹುಡುಗ ಟಾರ್ಚ್ ಹಿಡಿದು ಹೊಟ್ಟೆ ಅಡಿ ಮಾಡಿ ಮಲಗಿ ನೋಡಿದ. ಟಂಗ್ ರೈಲ್ ಜಾರುವ ಸ್ಲೈಡ್ ಚೇರ್‌ಗಳ ಮೇಲೆ ಯಾರೋ ಗ್ರೀಸ್ ಬಳಿದು ಬಳಿದು, ಅದಕ್ಕೆ ಧೂಳು ಸೇರಿ, ಹೆಂಚಿಗೆ ಹತ್ತಿದ ಹಿಟ್ಟಿನ ಹಾಗೆ ಗಟ್ಟಿ ಕಟ್ಟಿತ್ತು. ಜಾಸ್ತಿ ಗ್ರೀಸ್ ಹಾಕಿದರೆ ಜಾಸ್ತಿ ಒಳ್ಳೆಯದು ಅನ್ನುವುದು ತಪ್ಪು. ಹೊಸಬರಿಗೆ ನಾನು ಮೊದಲ ದಿನವೇ ಇದನ್ನು ಹೇಳುತ್ತೇನೆ: ಮೊದಲು ಒರೆಸಿ, ಆಮೇಲೆ ಸವರಿ.

ಈಗ ಸಮಯದ ಲೆಕ್ಕ. ಆರು ಬೋಗಿಯ ಟ್ರೈನು ಸುಮಾರು 130 ಮೀಟರ್ ಉದ್ದ. ಗಂಟೆಗೆ 36 ಕಿ.ಮೀ. ವೇಗದಲ್ಲಿ ಅದರ ಮೂತಿಯಿಂದ ಬಾಲದವರೆಗೆ ಒಂದು ಜಾಗ ದಾಟಲಿಕ್ಕೇ 13 ಸೆಕೆಂಡ್ ಬೇಕು, ನಿಂತಲ್ಲಿಂದ ಹೊರಟರೆ ಇನ್ನೂ ಜಾಸ್ತಿ. ಬಾಲ ಪಾಯಿಂಟ್ ದಾಟಿದ ಮೇಲೇ ಟಂಗ್ ರೈಲ್ ಕದಲಬಹುದು, ಲಾಕ್ ಆಗಬೇಕು, ಡಿಟೆಕ್ಷನ್ ಬರಬೇಕು, ಆಮೇಲೆ ಬರುವ ಟ್ರೈನು ನಿಧಾನಕ್ಕೆ ಒಳಗೆ ಬರಬೇಕು. ಪಾಯಿಂಟ್ ಕೈಕೊಟ್ಟರೆ ನಿಲ್ಲಲು ಆ ಟ್ರೈನಿಗೆ ಪಾಯಿಂಟಿಗಿಂತ ಮೊದಲೇ ಜಾಗವೂ ಇರಬೇಕು. ಗಂಟೆಗೆ 72 ಕಿ.ಮೀ. ವೇಗವಿದ್ದರೆ ಸಾಮಾನ್ಯ ಬ್ರೇಕಿನಲ್ಲಿ 200 ಮೀಟರ್ ಹತ್ತಿರ ಬೇಕಾಗುತ್ತದೆ. ಇದೆಲ್ಲ ಒಂದಾದ ಮೇಲೆ ಒಂದು ಆಗಬೇಕಾದ್ದರಿಂದಲೇ ನಿಮಿಷಕ್ಕೊಂದು ಟ್ರೈನು ಬಿಡುವುದು ಕಷ್ಟ.

ಮಾನೋರೈಲಿನಲ್ಲಿ ಈ ಕಷ್ಟ ಇನ್ನೂ ದೊಡ್ಡದು. 2014ರಲ್ಲಿ ಶುರುವಾದ ಮುಂಬೈ ಮಾನೋರೈಲನ್ನು ನೋಡಿದ್ದರೆ ಗೊತ್ತಿರುತ್ತದೆ, ಬೋಗಿ ಒಂದು ತೊಲೆಯನ್ನು ಎರಡೂ ಕಡೆಯಿಂದ ತಬ್ಬಿಕೊಂಡು ಕೂತಿರುತ್ತದೆ. ಅಲ್ಲಿ ಟಂಗ್ ರೈಲ್ ಅನ್ನುವುದೇ ಇಲ್ಲ, ಇಡೀ ತೊಲೆಯ ತುಂಡೇ ಪಕ್ಕಕ್ಕೆ ಸರಿಯಬೇಕು, ಸರಿದಾಗ ಇನ್ನೊಂದು ದಾರಿಯ ತುದಿ ಬರೀ ಗಾಳಿಗೆ ತೆರೆದುಕೊಂಡಿರುತ್ತದೆ.

ಹಾಗಾದರೆ ಕದಲುವ ಭಾಗವನ್ನು ಹಳಿಯಿಂದ ತೆಗೆದು ಗಾಡಿಗೇ ಹಾಕಿದರೆ? ಅಮೆರಿಕದ ವೆಸ್ಟ್ ವರ್ಜೀನಿಯಾದ ಮಾರ್ಗನ್‌ಟೌನ್‌ನಲ್ಲಿ 1975ರಿಂದ ಹೀಗೆಯೇ ನಡೆಯುತ್ತಿದೆ. ವಿಶ್ವವಿದ್ಯಾಲಯದ ಊರು, ರಬ್ಬರ್ ಟೈರಿನ ಸಣ್ಣ ಗಾಡಿಗಳು, ಒಂದರಲ್ಲಿ ಇಪ್ಪತ್ತು ಜನ, ಚಾಲಕರಿಲ್ಲ. ಗಾಡಿ ಕಾಂಕ್ರೀಟ್ ದಾರಿಯ ಒಂದು ಬದಿಯನ್ನು ಸವರಿಕೊಂಡೇ ಓಡುತ್ತದೆ. ಬಲಬದಿ ಹಿಡಿ ಅಂದರೆ ಬಲಕ್ಕೆ ತಿರುಗುತ್ತದೆ, ಎಡ ಹಿಡಿದರೆ ನೇರ ಹೋಗುತ್ತದೆ. ದಾರಿಯಲ್ಲಿ ಅಲ್ಲಾಡುವುದು ಏನೂ ಇಲ್ಲ. ಹಿಂದಿನ ಗಾಡಿ ಪಾಯಿಂಟ್‌ಗೆ ಕಾಯಬೇಕಾಗಿಲ್ಲ, 15 ಸೆಕೆಂಡ್ ಅಂತರದಲ್ಲೂ ಬರಬಹುದು. ಇದರ ಬುದ್ಧಿವಂತಿಕೆ ನನಗೆ ಬಹಳ ಇಷ್ಟ.

ನಮ್ಮ ಮೆಟ್ರೊಗೂ ಹಾಗೇ ಮಾಡಬಹುದಲ್ಲ ಅಂತ ಕೇಳಿದರೆ ನನ್ನ ಉತ್ತರ ಬೇಡ ಅಂತಲೇ. ಆರು ಬೋಗಿಗೆ 24 ಆಕ್ಸಲ್. ಎಲ್ಲವೂ ಒಂದೇ ಕಡೆ ಹಿಡಿದಿವೆ ಅಂತ ಪ್ರತಿ ಸಲ, ಪ್ರತಿ ತಿರುವಿಗೂ ಮೊದಲು ಖಾತ್ರಿ ಮಾಡಿಕೊಳ್ಳಬೇಕು. ನೆಲದಲ್ಲಿರುವ ಒಂದು ಪಾಯಿಂಟ್ ಆ 24ಕ್ಕೂ ಒಂದೇ ಸಲ ಉತ್ತರ ಕೊಡುತ್ತದೆ. ಪ್ಯಾರಿಸ್ಸಿನವರು 1956ರಲ್ಲಿ ತಮ್ಮ ಮೆಟ್ರೊದ 11ನೇ ಮಾರ್ಗಕ್ಕೆ ರಬ್ಬರ್ ಟೈರು ಹಾಕಿದಾಗಲೂ ಪಕ್ಕದಲ್ಲಿ ಉಕ್ಕಿನ ಗಾಲಿ ಬಿಟ್ಟುಕೊಂಡರು. ಪಾಯಿಂಟ್ ಬಂದ ಕಡೆ ಅದರ ಉದ್ದನೆಯ ಫ್ಲ್ಯಾಂಜೇ ಗಾಡಿಗೆ ದಾರಿ ತೋರಿಸುತ್ತದೆ.

2025ರಲ್ಲಿ ಬೆಂಗಳೂರಿನ ಹಳದಿ ಮಾರ್ಗದಲ್ಲಿ ಚಾಲಕರಿಲ್ಲದೆ ಓಡಬಲ್ಲ ಟ್ರೈನುಗಳ ಸಂಚಾರ ಶುರುವಾಯಿತು. ಅವಕ್ಕೂ ಟಂಗ್ ರೈಲ್ ಬಂದು ಕೂತ ಮೇಲೇ ದಾರಿ. ಕೊನೆ ಸ್ಟೇಷನ್ ಕಣ್ಣಿಗೆ ಕಾಣುತ್ತಿರುವಾಗ ಟ್ರೈನು ಸುಮ್ನೆ ನಿಂತುಬಿಟ್ಟರೆ, ಹೆಚ್ಚಿನ ಸಲ ಎದುರಿನ ಟ್ರೈನಿನ ಬಾಲ ಇನ್ನೂ ಕ್ರಾಸ್‌ಓವರ್, ಅಂದರೆ ಎರಡು ಹಳಿಗಳನ್ನು ಕೂಡಿಸುವ ಅಡ್ಡಹಳಿ, ದಾಟುತ್ತಿರುತ್ತದೆ. ಅದು ದಾಟಿದ ಮೇಲೆ ನಾಲ್ಕೈದು ಸೆಕೆಂಡ್ ಎಣಿಸಿ ನೋಡಿ.