ಬರ್ ಗ್ರೈಂಡರ್ ಅಂದ್ರೆ ಏನು, ಮನೆಗೆ ಎಂಥದ್ದು ಬೇಕು

ಹಲ್ಲಿರುವ ಎರಡು ಬಿಲ್ಲೆಗಳ ನಡುವೆ ಕಾಫಿ ಬೀಜವನ್ನು ಹಾಯಿಸಿ ಪುಡಿ ಮಾಡುವ ಯಂತ್ರವೇ ಬರ್ ಗ್ರೈಂಡರ್. ಆ ಹಲ್ಲಿನ ಬಿಲ್ಲೆಗೆ ‘ಬರ್’ ಅಂತ ಹೆಸರು. ಒಂದು ಬರ್ ಅಲ್ಲಾಡದೆ ಕೂತಿರುತ್ತದೆ, ಇನ್ನೊಂದು ತಿರುಗುತ್ತದೆ. ಮೇಲಿಂದ ಬಿದ್ದ ಬೀಜ ಎರಡರ ನಡುವಿನ ಸಂದಿಗೆ ಸಿಕ್ಕಿ ಒಡೆಯುತ್ತದೆ, ಇನ್ನಷ್ಟು ಸಣ್ಣದಾಗುತ್ತದೆ, ಸಂದಿಯಲ್ಲಿ ತೂರುವಷ್ಟು ಚಿಕ್ಕದಾದ ಮೇಲೆ ಹೊರಗೆ ಬೀಳುತ್ತದೆ. ರಾಗಿ ಬೀಸುವ ಕಲ್ಲು ನೋಡಿದವರಿಗೆ ಇದಕ್ಕಿಂತ ಜಾಸ್ತಿ ಹೇಳಬೇಕಿಲ್ಲ, ಎರಡೂ ಕೆಲಸ ಮಾಡುವ ರೀತಿ ಒಂದೇ. ಇಲ್ಲಿ ಸಿಗುವ ದೊಡ್ಡ ಅನುಕೂಲ ಏನೆಂದರೆ, ಸಂದಿ ಎಷ್ಟಿರಬೇಕು ಅಂತ ನೀವೇ ತಿರುಗಿಸಿ ಇಡಬಹುದು, ಮುಂದಿನ ವಾರವೂ ಸರಿಯಾಗಿ ಅದೇ ಜಾಗಕ್ಕೆ ತರಬಹುದು. ಬರ್ ಗ್ರೈಂಡರ್‌ಗೆ ಕೊಡುವ ದುಡ್ಡು ಮುಖ್ಯವಾಗಿ ಇದಕ್ಕೇ.

ಹಾಗಾದರೆ ಮಿಕ್ಸಿ ಯಾಕೆ ಸಾಲದು? ಮಿಕ್ಸಿಯ ಬ್ಲೇಡ್ ತನಗೆ ಸಿಕ್ಕಿದ್ದನ್ನೆಲ್ಲ ಕತ್ತರಿಸುತ್ತಾ ಹೋಗುತ್ತದೆ. ತಳದಲ್ಲಿದ್ದ ಬೀಜ ಹತ್ತಾರು ಸಲ ಪೆಟ್ಟು ತಿಂದು ಹಿಟ್ಟಾಗಿರುತ್ತದೆ, ಮೇಲೆ ಹಾರಾಡುತ್ತಿದ್ದದ್ದು ಎರಡು ಹೋಳಾಗಿ ಹಾಗೇ ಉಳಿದಿರುತ್ತದೆ. ಜಾರನ್ನು ಎತ್ತಿ ಕುಲುಕಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿದರೆ ಸ್ವಲ್ಪ ವಾಸಿ, ಆದರೂ ಹಿಟ್ಟು ಮತ್ತು ಹೋಳು ಎರಡೂ ಇದ್ದೇ ಇರುತ್ತವೆ.

ಇದರಿಂದ ರುಚಿಗೆ ಏನಾಗುತ್ತದೆ ಅನ್ನುವುದು ಮುಖ್ಯ. ಬಿಸಿನೀರು ಪುಡಿಯ ಮೇಲೆ ಬಿದ್ದಾಗ ಸಣ್ಣ ಕಣ ಬೇಗ ತನ್ನ ಸಾರ ಬಿಟ್ಟುಕೊಡುತ್ತದೆ, ದಪ್ಪ ಕಣ ನಿಧಾನಕ್ಕೆ ಬಿಡುತ್ತದೆ. ಸಾರ ಅತಿಯಾಗಿ ಇಳಿದರೆ ಕಹಿ, ಒಗರು. ಕಡಿಮೆ ಇಳಿದರೆ ಹುಳಿ, ಸಪ್ಪೆ. ಎರಡು ಗಾತ್ರದ ಕಣಗಳು ಒಟ್ಟಿಗಿದ್ದರೆ ಒಂದೇ ಲೋಟದಲ್ಲಿ ಎರಡು ತಪ್ಪೂ ಸೇರಿಕೊಳ್ಳುತ್ತವೆ, ಆಗ ನೀರು ಬದಲಾಯಿಸಿದರೂ ಸರಿ, ಅಳತೆ ಬದಲಾಯಿಸಿದರೂ ಸರಿ, ಯಾವುದೂ ಪೂರ್ತಿ ಸರಿ ಮಾಡುವುದಿಲ್ಲ. ಬರ್ ಗ್ರೈಂಡರ್‌ನಲ್ಲೂ ಒಂದಷ್ಟು ನುಣ್ಣನೆ ದೂಳು ಬಂದೇ ಬರುತ್ತದೆ. ಆದರೆ ಬಹುಪಾಲು ಕಣ ಒಂದೇ ಗಾತ್ರದ ಆಸುಪಾಸಿನಲ್ಲಿರುವುದರಿಂದ ‘ಕಹಿಯಾಯಿತು, ನಾಳೆ ಸ್ವಲ್ಪ ತರಿ ಮಾಡೋಣ’ ಅಂತ ಯೋಚಿಸಿದರೆ ಆ ಯೋಚನೆಗೆ ಬೆಲೆ ಇರುತ್ತದೆ.

ಇದೇನೂ ಹೊಸ ವಿದ್ಯೆಯಲ್ಲ. ಕಾರಿಗೆ ಹೆಸರಾದ ಫ್ರಾನ್ಸಿನ ಪೂಜೋ ಕಂಪನಿ ಕಾರಿಗಿಂತ ಎಷ್ಟೋ ಮೊದಲು, 1840ರಲ್ಲೇ, ಕೈಯಿಂದ ತಿರುಗಿಸುವ ಕಾಫಿ ಗಿರಣಿ ಮಾಡಿತ್ತು. ನಮ್ಮ ಬಡಾವಣೆಗಳ ಕಾಫಿ ಪುಡಿ ಅಂಗಡಿಯಲ್ಲಿ ಸದ್ದು ಮಾಡುತ್ತಾ ತಿರುಗುವ ದೊಡ್ಡ ಯಂತ್ರದ ಹೊಟ್ಟೆಯಲ್ಲೂ ಇಂಥದ್ದೇ ಹಲ್ಲಿನ ಬಿಲ್ಲೆಗಳಿರುತ್ತವೆ. ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಮನೆ ಹತ್ತಿರ ಒಳ್ಳೆ ಅಂಗಡಿ ಇದ್ದು, ಪ್ಲಾಂಟೇಶನ್ ಎ ಮತ್ತು ಪೀಬೆರಿ ಎಂಬ ಎರಡು ಬಗೆಯ ಬೀಜ ನಿಮಗೆ ಬೇಕಾದ ಪ್ರಮಾಣದಲ್ಲಿ ಕಣ್ಣೆದುರೇ ಬೀಸಿಕೊಡುತ್ತಾರೆ, ಚಿಕೋರಿ ಸೇರಿಸಿ ಹಾಲು ಹಾಕಿ ಕುಡಿಯುವ ಮನೆ ನಿಮ್ಮದು, ಅಂದರೆ ಸಣ್ಣ ಪೊಟ್ಟಣ ಬೇಗ ಬೇಗ ತಂದರೆ ಸಾಕು. ಬರ್ ಗ್ರೈಂಡರ್ ಕೊಳ್ಳಲೇಬೇಕು ಅಂತಿಲ್ಲ.

ಆದರೆ ಕೊಡಗಿನದೋ ಚಿಕ್ಕಮಗಳೂರಿನದೋ ಒಂದು ತೋಟದ ಬೀಜ ತರಿಸಿ, ಚಿಕೋರಿ ಇಲ್ಲದೆ ಕುಡಿಯುವ ಆಸೆ ಇದ್ದರೆ ವಿಷಯ ಬೇರೆ. ಬೀಜ ಪುಡಿಯಾದ ಕೂಡಲೇ ಗಾಳಿ ತಾಗುವ ಮೈ ಎಷ್ಟೋ ಪಟ್ಟು ಹೆಚ್ಚುತ್ತದೆ, ಪರಿಮಳ ಹಾರಿಹೋಗುವುದೂ ಅಷ್ಟೇ ಬೇಗ. ಬೀಜ ಇಡಿಯಾಗಿ ಮುಚ್ಚಿದ ಡಬ್ಬಿಯಲ್ಲಿದ್ದರೆ ವಾರಗಟ್ಟಲೆ ಚೆನ್ನಾಗಿರುತ್ತದೆ. ವಿದೇಶದಲ್ಲಿರುವ ನಮ್ಮವರಿಗಂತೂ ಫಿಲ್ಟರ್‌ಗೆ ಹೊಂದುವ ಪುಡಿ ಅಂಗಡಿಯಲ್ಲಿ ಸಿಗುವುದೇ ಕಷ್ಟ, ಬೀಜ ಎಲ್ಲಿ ಬೇಕಾದರೂ ಸಿಗುತ್ತದೆ. ಅವರಿಗೆ ಇದು ನಿಜಕ್ಕೂ ಉಪಯೋಗದ ವಸ್ತು.

ಕೊಳ್ಳುವಾಗ ಮೊದಲು ಕಿವಿಗೆ ಬೀಳುವ ಎರಡು ಮಾತು ಕೋನಿಕಲ್ ಮತ್ತು ಫ್ಲಾಟ್. ಕೋನಿಕಲ್‌ನಲ್ಲಿ ಶಂಕುವಿನಾಕಾರದ ಬರ್ ಒಂದು ಬಳೆಯಾಕಾರದ ಬರ್ ಒಳಗೆ ತಿರುಗುತ್ತದೆ, ಫ್ಲಾಟ್‌ನಲ್ಲಿ ಎರಡು ಚಪ್ಪಟೆ ಬಿಲ್ಲೆಗಳು ಎದುರುಬದುರಾಗಿರುತ್ತವೆ. ಮನೆಯ ಮಟ್ಟಿಗೆ ಇದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಕೈ ಗ್ರೈಂಡರ್‌ಗಳೆಲ್ಲ ಹೆಚ್ಚುಕಮ್ಮಿ ಕೋನಿಕಲ್ಲೇ. ಅದಕ್ಕಿಂತ ಮುಖ್ಯ, ಬರ್ ತಿರುಗಿಸುವ ನಡುವಿನ ಕಂಬಿ ಅಲ್ಲಾಡದೆ ನೆಟ್ಟಗೆ ನಿಂತಿದೆಯಾ ಅನ್ನುವುದು. ಅಗ್ಗದ ಸೆರಾಮಿಕ್ ಬರ್‌ನ ಕೈ ಗ್ರೈಂಡರ್‌ಗಳಲ್ಲಿ ಕಂಬಿ ತೂಗಾಡುತ್ತದೆ, ಸಂದಿ ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಕುಗ್ಗುತ್ತದೆ, ತರಿ ಪುಡಿ ಮಾಡಹೊರಟಾಗ ಮಿಕ್ಸಿಯ ಕಥೆಯೇ ಮತ್ತೆ ಶುರು. ಸ್ಟೀಲ್ ಬರ್ ಇದ್ದು, ಕಂಬಿಗೆ ಬೇರಿಂಗ್ ಇರುವುದನ್ನು ನೋಡಿ. ಟೈಮ್‌ಮೋರ್ ಸಿ2 ಅಥವಾ ಆ ದರ್ಜೆಯ ಒಂದು ಕೈ ಗ್ರೈಂಡರ್ ಇಬ್ಬರು ಕುಡಿಯುವ ಮನೆಗೆ ಧಾರಾಳ ಸಾಕು. ಬೆಳಿಗ್ಗೆ ನಾಲ್ಕೈದು ಜನರಿಗೆ ಆಗಬೇಕು ಅಂದರೆ ಕೈ ಸೋಲುತ್ತದೆ, ಆಗ ವಿದ್ಯುತ್ತಿನದ್ದೇ ಒಳ್ಳೆಯದು. ಬರಾಟ್ಜಾ ಎನ್‌ಕೋರ್‌ನಂಥ, ಸಂದಿ ಹೊಂದಿಸಲು 40 ಹಂತಗಳಿರುವ ಗ್ರೈಂಡರ್ ಆ ಸಾಲಿನದು. ಕಡಿಮೆ ಬೆಲೆಯ ಕೆಲವು ವಿದ್ಯುತ್ ಗ್ರೈಂಡರ್‌ಗಳ ಮೇಲೆ ‘ಬರ್’ ಅಂತ ಬರೆದಿದ್ದರೂ ಒಳಗೆ ಇರುವುದು ಮೊಂಡು ಗುಬಟುಗಳ ಬಿಲ್ಲೆ, ಅದು ಬೀಜವನ್ನು ಜಜ್ಜುತ್ತದೆ ಅಷ್ಟೇ. ಅದೇ ದುಡ್ಡಿಗೆ ಒಳ್ಳೆಯ ಕೈ ಗ್ರೈಂಡರ್ ಬರುತ್ತದೆ, ಅದನ್ನೇ ತಗೊಳ್ಳಿ.

ಈಗ ಹದ ಹಿಡಿಯುವುದು. ಕೈ ಗ್ರೈಂಡರ್ ಖಾಲಿ ಇಟ್ಟು, ಎರಡು ಬರ್ ಒಂದಕ್ಕೊಂದು ತಾಗುವವರೆಗೆ ಮೆಲ್ಲಗೆ ಬಿಗಿ ಮಾಡಿ. ಅದು ಸೊನ್ನೆ. ಅಲ್ಲಿಂದ ಸಡಿಲ ಮಾಡುತ್ತಾ ‘ಟಿಕ್’ ಅನ್ನುವ ಸದ್ದು ಎಣಿಸಬೇಕು. ಆ ಎಣಿಕೆಯೇ ನಿಮ್ಮ ಗುರುತು, ಚೀಟಿಯಲ್ಲಿ ಬರೆದಿಡಿ. ಎಷ್ಟು ಟಿಕ್ ಅನ್ನುವುದು ಒಂದೊಂದು ಗ್ರೈಂಡರ್‌ಗೆ ಒಂದೊಂದು ಥರ, ಇನ್ನೊಬ್ಬರ ಸಂಖ್ಯೆ ನಂಬಿ ಕೂರಬೇಡಿ. ನಮ್ಮ ಸ್ಟೀಲ್ ಫಿಲ್ಟರ್‌ಗೆ ಸುಲಭ ದಾರಿ ಇದೆ. ನಿಮಗೆ ಇಷ್ಟವಾದ ಅಂಗಡಿಯ ಪುಡಿ ಒಂದು ಚಿಟಿಕೆ ಬಿಳಿ ಕಾಗದದ ಮೇಲೆ ಹಾಕಿ, ಪಕ್ಕದಲ್ಲಿ ನೀವು ಬೀಸಿದ ಪುಡಿ ಹಾಕಿ, ಎರಡನ್ನೂ ಬೆರಳಲ್ಲಿ ತಿಕ್ಕಿ ನೋಡಿ. ಅದಕ್ಕೆ ಹತ್ತಿರ ಬರುವವರೆಗೆ ತಿರುಗಿಸಿ. ಆಮೇಲೆ ಡಿಕಾಕ್ಷನ್ನೇ ಹೇಳುತ್ತದೆ. ನೀರು ಗಡಗಡ ಇಳಿದು ಬಣ್ಣವಷ್ಟೇ ಬಂದಿದ್ದರೆ ಪುಡಿ ತರಿಯಾಯಿತು, ಒಂದೆರಡು ಟಿಕ್ ಬಿಗಿ ಮಾಡಿ. ಅರ್ಧ ಗಂಟೆಯಾದರೂ ಮೇಲಿನ ಪಾತ್ರೆಯಲ್ಲಿ ನೀರು ನಿಂತಿದ್ದರೆ ಅತಿ ನುಣ್ಣಗಾಗಿದೆ. 15 ನಿಮಿಷದ ಆಸುಪಾಸಿನಲ್ಲಿ ಬಹುಪಾಲು ಇಳಿದರೆ ನನ್ನ ನಾಲಿಗೆಗೆ ಅದು ಹದ. ಚಿಕೋರಿ ನೀರು ಹಿಡಿದು ಇಳಿಯುವುದನ್ನು ನಿಧಾನ ಮಾಡುತ್ತದೆ. ಚಿಕೋರಿ ಹಾಕದಿದ್ದರೆ ಪುಡಿಯನ್ನು ಇನ್ನೊಂಚೂರು ನುಣ್ಣಗೆ ಮಾಡಬೇಕಾಗುತ್ತದೆ. ಪುಡಿಯನ್ನು ಬಿಸಿನೀರಲ್ಲಿ ನೆನೆಸಿ ಜಾಲರಿ ಒತ್ತಿ ಸೋಸುವ ಫ್ರೆಂಚ್ ಪ್ರೆಸ್‌ಗೆ ಇದಕ್ಕಿಂತ ತುಂಬಾ ತರಿ ಬೇಕು, ಯಂತ್ರದ ಒತ್ತಡದಲ್ಲಿ ನೀರು ಹಾಯಿಸಿ ಮಾಡುವ ಎಸ್ಪ್ರೆಸೊಗೆ ಫಿಲ್ಟರ್ ಪುಡಿಗಿಂತಲೂ ನುಣ್ಣಗೆ. ಎಲ್ಲ ಗ್ರೈಂಡರ್‌ಗೂ ಎಸ್ಪ್ರೆಸೊ ಆಗುವುದಿಲ್ಲ, ಆ ಯಂತ್ರ ಮನೆಯಲ್ಲಿದ್ದರೆ ಮೊದಲೇ ಕೇಳಿ ಕೊಳ್ಳಿ.

ವಿದ್ಯುತ್ ಗ್ರೈಂಡರ್‌ನಲ್ಲಿ ನುಣ್ಣಗಿನ ಕಡೆಗೆ ತಿರುಗಿಸುವಾಗ ಮೋಟಾರ್ ಓಡುತ್ತಿರಲಿ. ನಿಂತಿದ್ದಾಗ ತಿರುಗಿಸಿದರೆ ಸಂದಿಯಲ್ಲಿ ಉಳಿದ ಚೂರುಗಳು ಸಿಕ್ಕಿಕೊಂಡು ಬಿಗಿಯುತ್ತವೆ. ಪುಡಿ ಡಬ್ಬಿಗೆ ಅಂಟಿ ಹಾರಾಡುತ್ತದಾ? ಬೀಸುವ ಮುಂಚೆ ಬೀಜಕ್ಕೆ ಒಂದೇ ಒಂದು ಹನಿ ನೀರು ತಾಗಿಸಿ ಕಲಸಿ, ಸ್ಥಿರ ವಿದ್ಯುತ್ತಿನ ಆ ಕಾಟ ಬಹಳ ಕಮ್ಮಿಯಾಗುತ್ತದೆ.

ಹಸಿ ಬೀಜ, ಅಂದರೆ ಹುರಿಯದ್ದು, ಹಾಕಲೇಬೇಡಿ. ಅದು ತುಂಬಾ ಗಟ್ಟಿ, ಬರ್ ಹಾಳಾಗುತ್ತದೆ. ಮೆಣಸು, ಧನಿಯಾ ಕೂಡ ಬೇಡ, ಆ ವಾಸನೆ ಬೇಗ ಹೋಗುವುದಿಲ್ಲ. ಚಿಕೋರಿ ತೇವ ಹೀರಿ ಅಂಟಾಗುವ ವಸ್ತು, ಕಾಫಿ ಬೀಸಿದ ಮೇಲೆ ಹೊರಗೆ ಬೆರೆಸಿ. ಸ್ವಚ್ಛ ಮಾಡಲು ಅಕ್ಕಿ ಹಾಕಿ ತಿರುಗಿಸಿ ಅಂತ ಕೆಲವರು ಹೇಳುತ್ತಾರೆ, ಗಟ್ಟಿ ಅಕ್ಕಿಯಿಂದ ಮೋಟಾರ್‌ಗೆ ಸುಮ್ನೆ ಹೊರೆ. ಬರ್ ಬಿಚ್ಚಿ, ಒಣ ಬ್ರಷ್‌ನಿಂದ ಹಲ್ಲುಗಳ ಸಂದಿ ಗುಡಿಸಿದರೆ ಸಾಕು. ಕಪ್ಪಗೆ ಹುರಿದ ಬೀಜಕ್ಕೆ ಎಣ್ಣೆ ಜಾಸ್ತಿ, ಅದನ್ನು ಬಳಸುವವರು ಇದನ್ನು ಆಗಾಗ ಮಾಡಬೇಕು. ಸ್ಟೀಲ್ ಬರ್‌ಗೆ ನೀರು ಹಾಕಿ ತೊಳೆಯಬೇಡಿ, ತುಕ್ಕು ಹಿಡಿಯುತ್ತದೆ.